ಮಾವ ಹೋದರು, ಬಾಕಿ ಪುಸ್ತಕ ಉಳಿಯಿತು. ಸಾಲ ಯಾರು ಕಟ್ಟಬೇಕು?

ಸೋದರಳಿಯ_ತಿಪಟೂರು · ಸೋಮವಾರ, ರಾತ್ರಿ 10.40

ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನನ್ನ ಸೋದರಮಾವ ಮೂರು ವಾರದ ಹಿಂದೆ ತೀರಿಕೊಂಡರು. 54 ವರ್ಷ. ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಮದುವೆ ಆಗಿರಲಿಲ್ಲ. ತಿಪಟೂರು ಹತ್ತಿರ ನಮ್ಮ ಹೋಬಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುತ್ತಲಿನ ತೋಟಗಳಲ್ಲಿ ಮೋಟಾರು ಸುಟ್ಟರೆ ಅವರ ಹತ್ತಿರವೇ ಬರುತ್ತಿತ್ತು. ಮನೆಯಲ್ಲಿ ಅವರು ಮತ್ತು ಅಜ್ಜಿ ಇಬ್ಬರೇ. ಅಜ್ಜಿಗೆ 81. ತಾತ 2009ರಲ್ಲೇ ಹೋದರು. ನಮ್ಮಮ್ಮ, ಚಿಕ್ಕಮ್ಮ ಇಬ್ಬರೂ ಮದುವೆಯಾಗಿ ಬೇರೆ ಊರಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಮನೆಗೆ ಒಬ್ಬನೇ ಗಂಡು ಹುಡುಗ ಅಂತ ಎಲ್ಲ ನನ್ನ ತಲೆ ಮೇಲೆ ಬಂದಿದೆ.

ಮಾವನ ಬ್ಯಾಂಕ್ ಖಾತೆಯಲ್ಲಿ 1,38,000 ಇತ್ತು. ನಾಮಿನಿ ಹಾಕಿಲ್ಲ. ಅಂಚೆ ಕಚೇರಿಯಲ್ಲಿ ಒಂದು ಆರ್‌ಡಿ, 46,000 ಆಗಿದೆ, ಅದಕ್ಕೆ ಅಮ್ಮ ನಾಮಿನಿ. ಅಂಗಡಿಗೆ ಕೊಟ್ಟ ಅಡ್ವಾನ್ಸ್ 50,000. ಒಂದು ಟಿವಿಎಸ್ ಎಕ್ಸೆಲ್, ಅದರ ಕಂತು ಇನ್ನೂ ಏಳು ಬಾಕಿ. ಇನ್ನು ಸಾಲ. ಕ್ರೆಡಿಟ್ ಕಾರ್ಡ್ 86,000 (ಮಾವನ ಹತ್ತಿರ ಕಾರ್ಡ್ ಇತ್ತು ಅಂತಲೇ ನಮಗೆ ಗೊತ್ತಿರಲಿಲ್ಲ). ತಾಮ್ರದ ತಂತಿ ಕೊಡುವ ಅಂಗಡಿಗೆ 41,000. ಅಂಗಡಿಯ ಹುಡುಗನಿಗೆ ಎರಡು ತಿಂಗಳ ಸಂಬಳ 18,000. ಅಜ್ಜಿಯ 24 ಗ್ರಾಂ ಸರ ಬ್ಯಾಂಕಿನಲ್ಲಿ ಮಾವನ ಹೆಸರಲ್ಲಿ ಅಡವಿದೆ, 95,000 ಮತ್ತು ಬಡ್ಡಿ. ಅಜ್ಜಿಗೆ ಗೊತ್ತಿದ್ದೇ ಕೊಟ್ಟಿದ್ದರಂತೆ.

ಹನ್ನೊಂದನೇ ದಿನ ಊಟಕ್ಕೆ ಬಂದ ಒಬ್ಬರು ಎಲೆ ಎತ್ತುವ ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು, ಮೊಬೈಲಿನಲ್ಲಿ ಪ್ರೋನೋಟಿನ (ಸಾಲಕ್ಕೆ ಮಾವ ಬರೆದುಕೊಟ್ಟ ಪತ್ರ) ಫೋಟೋ ತೋರಿಸಿದರು. ಬಡ್ಡಿ ಸೇರಿ 2 ಲಕ್ಷ ಆಗಿದೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ, ನೀನು ಹೊಸ ಪತ್ರ ಬರೆದುಕೊಡು ಅಂದರು. ಕಾರ್ಡಿನವರು ದಿನಕ್ಕೆ ನಾಲ್ಕು ಸಲ ನನಗೇ ಫೋನ್ ಮಾಡುತ್ತಾರೆ. ಅಮ್ಮ ಬಳೆ ಮಾರುತ್ತೇನೆ ಅನ್ನುತ್ತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಇದನ್ನೆಲ್ಲ ನಾನು ಕಟ್ಟಬೇಕಾ?

---

ಬಿಎಂಟಿಸಿ_ಕಿಟಕಿ · ರಾತ್ರಿ 10.52

ಕಟ್ಟಬೇಡಿ. ಸಿಮ್ ಬದಲಿಸಿ. ಮುಗೀತು.

---

ನಿವೃತ್ತ_ಕ್ಯಾಷಿಯರ್ · ರಾತ್ರಿ 11.15

ಸಿಮ್ ಬದಲಿಸಿದರೆ ಅಜ್ಜಿ ಮನೆ ಬಾಗಿಲಿಗೆ ಹೋಗುತ್ತಾರೆ, ಅಷ್ಟೇ. 34 ವರ್ಷ ಬ್ಯಾಂಕಿನಲ್ಲಿದ್ದೆ, ಕೌಂಟರಿನ ಆಚೆ ಇಂಥ ಮುಖ ಬಹಳ ನೋಡಿದ್ದೇನೆ. ಅದಕ್ಕೇ ನಿದ್ದೆ ಬಿಟ್ಟು ಬರೆಯುತ್ತಿದ್ದೇನೆ.

ಮೊದಲನೆಯದು, ಏನಕ್ಕೂ ಸಹಿ ಹಾಕಬೇಡಿ, ನೂರು ರೂಪಾಯಿ ಕೂಡ ಕೊಡಬೇಡಿ. ಸದ್ಯಕ್ಕೆ.

ಎರಡನೆಯದು, ಮರಣ ನೋಂದಣಿ ಆಗಿದೆಯಾ? 21 ದಿನದೊಳಗೆ ಆಗಬೇಕು. ಮನೆಯಲ್ಲಿ ತೀರಿಕೊಂಡರೆ ಮನೆಯವರೇ ಹೋಗಿ ತಿಳಿಸಬೇಕು, ಆಸ್ಪತ್ರೆಯ ಹಾಗೆ ತಾನಾಗಿ ಆಗುವುದಿಲ್ಲ. ಮೂರು ವಾರ ಅಂದಿದ್ದೀರಿ. ನಾಳೆಯೇ ಹೋಗಿ. ಪ್ರಮಾಣಪತ್ರದ ಪ್ರತಿ ಐದಾರು ಇಟ್ಟುಕೊಳ್ಳಿ, ಎಲ್ಲರೂ ಕೇಳುತ್ತಾರೆ.

ಮೂರನೆಯದು, ಮಾವನ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಮೇ ಕೊನೆಯಲ್ಲಿ 436 ರೂಪಾಯಿ ಕಡಿತ ಇದೆಯಾ ನೋಡಿ. ಇದ್ದರೆ ಅದು ಜೀವನ್ ಜ್ಯೋತಿ ವಿಮೆ, 2 ಲಕ್ಷ ಬರುತ್ತದೆ. 50 ತುಂಬುವ ಮೊದಲು ಸೇರಿದ್ದವರಿಗೆ 55ರ ತನಕ ಇರುತ್ತದೆ. 2015ರಲ್ಲಿ ಶುರುವಾದಾಗ ಪಾಸ್‌ಬುಕ್ ಹಿಡಿದು ಬಂದವರಿಗೆಲ್ಲ ನಾವೇ ಫಾರಂ ಕೊಟ್ಟು ಸಹಿ ಹಾಕಿಸಿದ್ದೆವು. ಹಾಕಿದವರಿಗೇ ನೆನಪಿರುವುದಿಲ್ಲ! 20 ರೂಪಾಯಿ ಕಡಿತ ಇದ್ದರೆ ಅದು ಅಪಘಾತ ವಿಮೆ, ನಿಮಗೆ ಅನ್ವಯಿಸುವುದಿಲ್ಲ.

---

ಕರಿಕೋಟು_ಮೈಸೂರು · ಮಂಗಳವಾರ, ಬೆಳಿಗ್ಗೆ 7.05

ನಾನು ವಕೀಲೆ. ಸಿವಿಲ್ ಕಡೆ ನೋಡುತ್ತೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸೋದರಳಿಯ ಅನ್ನುವ ಕಾರಣಕ್ಕೆ ನೀವು ಒಂದು ಪೈಸೆಯೂ ಕಟ್ಟಬೇಕಿಲ್ಲ. ಸಾಲ ಸತ್ತವರ ಆಸ್ತಿಯ ಮೇಲಿರುತ್ತದೆ, ನೆಂಟರ ಮೇಲಲ್ಲ. ಆಸ್ತಿ ಯಾರ ಕೈಗೆ ಬಂತೋ ಅವರು, ಬಂದಷ್ಟರ ಮಟ್ಟಿಗೆ ಮಾತ್ರ ಹೊಣೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಂ ಹೇಳುವುದೂ ಅದನ್ನೇ. ಮೂರು ಲಕ್ಷ ಬಿಟ್ಟುಹೋಗಿ ಐದು ಲಕ್ಷ ಸಾಲ ಇದ್ದರೆ, ಉಳಿದ ಎರಡು ಲಕ್ಷ ಸಾಲ ಕೊಟ್ಟವರ ನಷ್ಟ.

ಇನ್ನು ಆಸ್ತಿ ಯಾರಿಗೆ? ಇಲ್ಲಿ ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. ಮದುವೆಯಾಗದ ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡು, ತಾಯಿ ಬದುಕಿದ್ದರೆ, 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಎಲ್ಲವೂ ತಾಯಿಗೆ. ತಾಯಿ ಮೊದಲ ವರ್ಗದ ವಾರಸುದಾರರು. ತಂದೆ ಕೂಡ ಎರಡನೇ ವರ್ಗ. ಅಕ್ಕ ತಂಗಿಯರೂ ಎರಡನೇ ವರ್ಗವೇ. ಮೊದಲ ವರ್ಗದವರು ಒಬ್ಬರಿದ್ದರೂ ಎರಡನೆಯವರಿಗೆ ಸರದಿ ಬರುವುದಿಲ್ಲ. ಅಂದರೆ ನಿಮ್ಮಜ್ಜಿ ಒಬ್ಬರೇ. ನಿಮ್ಮಮ್ಮ, ಚಿಕ್ಕಮ್ಮನಿಗೆ ಮಾವನ ಆಸ್ತಿಯಲ್ಲಿ ಈಗ ಪಾಲಿಲ್ಲ, ಸಾಲದಲ್ಲೂ ಪಾಲಿಲ್ಲ. ಅಮ್ಮನಿಗೆ ಬಳೆ ಒಳಗಿಡಲು ಹೇಳಿ.

ಆರ್‌ಡಿಗೆ ಅಮ್ಮ ನಾಮಿನಿ ಅಂದಿರಿ. ನಾಮಿನಿ ಅಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವರು, ಒಡೆಯರಲ್ಲ. ಅದೂ ಅಜ್ಜಿಗೇ ಸೇರಬೇಕು.

ಒಂದು ಮುಖ್ಯ ಪ್ರಶ್ನೆ. ಮಾವನ ಯಾವುದಾದರೂ ಸಾಲಕ್ಕೆ ನೀವು ಸಹಿ ಹಾಕಿದ್ದೀರಾ? ಯೋಚಿಸಿ ಹೇಳಿ. ಸಾಕ್ಷಿ ಸಹಿಯಾದರೆ ಚಿಂತೆ ಇಲ್ಲ. ಜಾಮೀನು ಸಹಿಯಾದರೆ ಸಾಲಗಾರರಷ್ಟೇ ಹೊಣೆ ನಿಮ್ಮದು, ಅವರು ಸತ್ತರೂ ತಪ್ಪುವುದಿಲ್ಲ.

---

ಗದಗಿನ_ಗಾಳಿ · ಬೆಳಿಗ್ಗೆ 8.20

ಮೇಡಂ ಹೇಳಿದ್ದು ಕಾನೂನು, ಸರಿ. ಆದರೆ ನಮ್ಮ ಕಡೆ ಋಣ ಇಟ್ಟುಕೊಂಡು ಹೋದವರ ಹೆಸರು ಊರಲ್ಲಿ ಉಳಿಯುವುದಿಲ್ಲ ಅಂತಾರೆ. ನಮ್ಮ ಅಪ್ಪ ತೀರಿಕೊಂಡಾಗ ಅವರ ಸಾಲ ಪೂರಾ ನಾನೇ ಕಟ್ಟಿದೆ. ಯಾರೂ ಕೇಳಿರಲಿಲ್ಲ. ಗೊಬ್ಬರದ ಅಂಗಡಿಯವರು ಇವತ್ತಿಗೂ ನನಗೆ ಉದ್ರಿ ಕೊಡುತ್ತಾರೆ, ಬರೆಸಿಕೊಳ್ಳುವುದೂ ಇಲ್ಲ. ಎಲ್ಲ ಕೋರ್ಟಿನ ಲೆಕ್ಕದಲ್ಲಿ ನೋಡಿದರೆ ಹೆಂಗ್ರೀ?

---

ಅಡಿಕೆ_ಪುರಾಣ · ಬೆಳಿಗ್ಗೆ 9.02

ಗದಗಿನ ಅಣ್ಣ, ಕಟ್ಟುವುದು ಬೇರೆ, ಸಿಕ್ಕಿಬೀಳುವುದು ಬೇರೆ. ನನ್ನ ಕಥೆ ಕೇಳಿ.

2018ರಲ್ಲಿ ಅಪ್ಪ ಹೋದರು. ಹದಿಮೂರರ ಊಟದ ದಿನ ಒಬ್ಬರು ಬಂದು, ಅಪ್ಪನ ಪತ್ರ ಹಳೆಯದಾಯಿತು, ಸುಮ್ನೆ ನಿನ್ನ ಹೆಸರಲ್ಲಿ ಒಂದು ಬರೆದುಕೊಡು, ನಂಬಿಕೆಗೆ ಅಂದರು. ನೆಂಟರೆಲ್ಲ ಎದುರಿಗಿದ್ದರು. ಮಾನ ಹೋಗಬಾರದು ಅಂತ ಬರೆದುಕೊಟ್ಟೆ. ಆ ಗಳಿಗೆಯಿಂದ ಅದು ಅಪ್ಪನ ಸಾಲ ಅಲ್ಲ, ನನ್ನ ಸಾಲ. ನಾಲ್ಕು ವರ್ಷ ಅಡಿಕೆ ಮಾರಿದ ದುಡ್ಡು ಅಲ್ಲಿಗೇ ಹೋಯಿತು. ಆಮೇಲೆ ಅಪ್ಪನ ಟ್ರಂಕಿನಲ್ಲಿ ಒಂದು ಚೀಟಿ ಸಿಕ್ಕಿತು. ಅರ್ಧಕ್ಕಿಂತ ಜಾಸ್ತಿ ಅಸಲು ಅಪ್ಪ ಆಗಲೇ ಕೊಟ್ಟಿದ್ದರು. ಕೇಳಲು ಹೋದರೆ ನಿನ್ನ ಪತ್ರ ನೋಡು ಅಂದರು.

ಮೊದಲು ಟ್ರಂಕು, ಬೀರು, ದೇವರ ಗೂಡು, ಅಂಗಡಿಯ ಗಲ್ಲಾ ಎಲ್ಲ ಹುಡುಕಿ. ಕಾಗದ ಓದಿ. ಆಮೇಲೆ ಮಾತು.

---

ಸೋದರಳಿಯ_ತಿಪಟೂರು · ರಾತ್ರಿ 9.30

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಜೆ ಹಾಕಿ ಊರಿಗೆ ಬಂದೆ. ನೋಂದಣಿ ಆಯಿತು, 20ನೇ ದಿನಕ್ಕೆ.

ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಮೇ 28, 436 ರೂಪಾಯಿ! ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಕ್ಯಾಷಿಯರ್ ಸರ್, ನಿಮಗೆ ಏನು ಹೇಳಬೇಕೋ ಗೊತ್ತಿಲ್ಲ. ನಾಮಿನಿ ಅಜ್ಜಿಯೇ.

ವಕೀಲರೇ, ಸಹಿ ವಿಷಯ. ಟಿವಿಎಸ್ ತೆಗೆದುಕೊಳ್ಳುವಾಗ ಮಾವ ಫೋನ್ ಮಾಡಿ ಒಂದು ಸಹಿ ಬೇಕು ಅಂದಿದ್ದರು, ಹಬ್ಬಕ್ಕೆ ಬಂದಾಗ ಹಾಕಿದ್ದೆ. ಸಾಕ್ಷಿ ಅಂದುಕೊಂಡಿದ್ದೆ. ಇವತ್ತು ಪತ್ರ ತೆಗೆದು ನೋಡಿದರೆ ಜಾಮೀನುದಾರ ಅಂತ ಇದೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮಾವನ ಎಟಿಎಂ ಪಿನ್ ಅಜ್ಜಿಗೆ ಗೊತ್ತಿತ್ತು. ತಿಥಿ ಖರ್ಚಿಗೆ 20,000 ತೆಗೆದೆವು. ಈಗ ಖಾತೆಯಲ್ಲಿ 1,18,000 ಇದೆ.

ಬ್ಯಾಂಕಿನಲ್ಲಿ ಕೇಳಿದರೆ ನಾಮಿನಿ ಇಲ್ಲ, ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಅಂದರು. 1,18,000ಕ್ಕೆ ಕೋರ್ಟಾ?

ಅಂಗಡಿ ಬಾಗಿಲು ತೆಗೆದರೆ ಒಳಗೆ ಜನರ ಏಳು ಮೋಟಾರು ಬಿಚ್ಚಿದ ಹಾಗೇ ಬಿದ್ದಿವೆ. ಹೊರಗೆ ಇಬ್ಬರು ಕಾಯುತ್ತಿದ್ದರು. ಒಬ್ಬರು ನೀರಿಲ್ಲದೆ ತೋಟ ಒಣಗುತ್ತಿದೆ ಅಂದರು. ಪಾಪ, ಕೇಳಲೂ ಅವರಿಗೆ ಸಂಕೋಚ.

---

ನಿವೃತ್ತ_ಕ್ಯಾಷಿಯರ್ · ರಾತ್ರಿ 10.10

ಎಟಿಎಂ ವಿಷಯ ಬೈಯುವ ಹಾಗಿದೆ, ಆದರೆ ಬೈಯುವುದಿಲ್ಲ. ಎಲ್ಲರೂ ಮಾಡುತ್ತಾರೆ. ಖಾತೆದಾರ ತೀರಿಕೊಂಡ ಮೇಲೆ ಆ ಕಾರ್ಡು ಬಳಸುವ ಹಕ್ಕು ಯಾರಿಗೂ ಇಲ್ಲ, ಅಜ್ಜಿಗೂ ಇಲ್ಲ. ಇನ್ನು ಮುಟ್ಟಬೇಡಿ. ಶಾಮಿಯಾನ, ದಿನಸಿ, ಪುರೋಹಿತರು, ಎಲ್ಲದರ ಬಿಲ್ಲು ಒಂದು ಕವರಿನಲ್ಲಿ ಹಾಕಿಡಿ. ಮ್ಯಾನೇಜರಿಗೆ ನೀವೇ ಹೇಳಿ. ಮುಚ್ಚಿಟ್ಟರೆ ಮಾತ್ರ ತಪ್ಪಾಗಿ ಕಾಣುತ್ತದೆ.

ಕೋರ್ಟ್ ಬೇಡ. 2025ರ ಸೆಪ್ಟೆಂಬರಿನಲ್ಲಿ ಆರ್‌ಬಿಐ ಇದಕ್ಕೇ ಒಂದು ನಿರ್ದೇಶನ ಹೊರಡಿಸಿದೆ. 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕೂ ಜಾರಿಗೆ ತರಬೇಕು ಅಂತ. ನಾಮಿನಿ ಇಲ್ಲದಿದ್ದರೂ, ವಾರಸುದಾರರಲ್ಲಿ ಜಗಳ ಇಲ್ಲದಿದ್ದರೆ, ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ವಿಧಾನ. ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ಅಜ್ಜಿಯ ಗುರುತಿನ ಚೀಟಿ, ಇಂಡೆಮ್ನಿಟಿ ಬಾಂಡ್ (ಮುಂದೆ ಬೇರೆಯವರು ಹಕ್ಕು ಕೇಳಿದರೆ ನಷ್ಟ ನಾನೇ ತುಂಬುತ್ತೇನೆ ಅನ್ನುವ ಪತ್ರ), ವಾರಸುದಾರರು ಯಾರು ಅಂತ ತೋರಿಸುವ ಪತ್ರ. ಎಲ್ಲ ಕಾಗದ ಕೊಟ್ಟ ಮೇಲೆ 15 ದಿನದಲ್ಲಿ ಇತ್ಯರ್ಥ ಮಾಡಬೇಕು, ತಡವಾದರೆ ಬ್ಯಾಂಕೇ ಬಡ್ಡಿ ಕೊಡಬೇಕು. ಕೌಂಟರಿನ ಹುಡುಗನ ಜೊತೆ ವಾದ ಬೇಡ. ಕ್ಲೇಮ್ ಫಾರಂ ಕೊಡಿ ಅಂತ ಬರೆದ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಬ್ಯಾಂಕಿನಲ್ಲಿ ಬೇರೆಯೇ ಮರ್ಯಾದೆ.

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿಬಿಡಿ. ಬ್ಯಾಂಕಿಗೂ ಬೇಕು, ಜಮೀನಿಗೂ ಬೇಕು.

ಸರದ ಸಾಲ ಮೊದಲು ತೀರಿಸಿ. ಚಿನ್ನದ ಬೆಲೆ ಈಗ ಸಾಲಕ್ಕಿಂತ ಎಷ್ಟೋ ಜಾಸ್ತಿ ಇದೆ. ಅವಧಿ ಮೀರಿದರೆ ಹರಾಜು ನೋಟಿಸು ಮಾವನ ಹೆಸರಿಗೇ ಬರುತ್ತದೆ, ಓದುವವರು ಯಾರು?

---

ಸುಮ್ನೆ_ಓದುಗಿ · ರಾತ್ರಿ 10.35

ಅಂಗಡಿಯಲ್ಲಿ ಕ್ಯೂಆರ್ ಸ್ಟಿಕ್ಕರ್ ಇದೆಯಾ? ಇದ್ದರೆ ಕಿತ್ತುಹಾಕಿ. ನಮ್ಮ ಭಾವ ಹೋಗಿ ಎರಡು ತಿಂಗಳಾದರೂ ಜನ ಹಳೆ ಬಾಕಿ ಅವರ ಖಾತೆಗೇ ಕಳಿಸುತ್ತಿದ್ದರು. ಪ್ರತಿ ಸಲ ಸ್ಪೀಕರ್ ಕೂಗಿದಾಗ ಅಕ್ಕನಿಗೆ ಎದೆ ಧಸಕ್ ಅನ್ನುತ್ತಿತ್ತು.

ಮಾವ ಎಂದಾದರೂ ಕಂಪನಿ ಕೆಲಸದಲ್ಲಿದ್ದರಾ? ಇದ್ದರೆ ಪಿಎಫ್ ನೋಡಿ. ಭಾವ ಗಾರ್ಮೆಂಟ್ಸ್‌ನಲ್ಲಿ ಇರುವಾಗಲೇ ಹೋದರು. ಪಿಎಫ್‌ಗೆ ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಆ ವಿಮೆ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ, 7 ಲಕ್ಷದವರೆಗೂ ಸಿಗುತ್ತದೆ. ಪಿಎಫ್ ದುಡ್ಡನ್ನು ಸತ್ತವರ ಸಾಲಕ್ಕೆ ಯಾರೂ ಮುಟ್ಟುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆಯಂತೆ.

---

ಕರಿಕೋಟು_ಮೈಸೂರು · ಬುಧವಾರ, ಬೆಳಿಗ್ಗೆ 6.50

ಪಿಎಫ್ ವಿಷಯ ಓದುಗಿ ಅವರು ಹೇಳಿದ್ದು ಸರಿ.

ಟಿವಿಎಸ್ ಕಂತು ನೀವು ಕಟ್ಟಲೇಬೇಕು, ಬೇರೆ ದಾರಿ ಇಲ್ಲ. ಕಟ್ಟಿದ ರಸೀದಿ ಇಟ್ಟುಕೊಳ್ಳಿ, ಮಾವನ ಆಸ್ತಿಯಿಂದ ಅಷ್ಟು ವಾಪಸ್ ಪಡೆಯುವ ಹಕ್ಕು ನಿಮಗಿದೆ. ಗಾಡಿ ಅಜ್ಜಿ ಹೆಸರಿಗೆ ಬರಬೇಕಾದರೆ ಆರ್‌ಟಿಒದಲ್ಲಿ ಫಾರಂ 31, ಮೂರು ತಿಂಗಳೊಳಗೆ. ಸಾವಿನ ಸುದ್ದಿಯನ್ನು 30 ದಿನದೊಳಗೆ ಅಲ್ಲಿಗೆ ತಿಳಿಸಬೇಕು.

ಆ ಏಳು ಮೋಟಾರು ಮಾವನ ಆಸ್ತಿಯೇ ಅಲ್ಲ. ರೈತರದ್ದು. ಸಹಿ ಮಾಡಿಸಿಕೊಂಡು ಬೇಗ ವಾಪಸ್ ಕೊಡಿ. ಸಾಲ ಕೊಟ್ಟವರು ಯಾರಾದರೂ ಅಂಗಡಿಗೆ ನುಗ್ಗಿ, ಬಾಕಿಗೆ ಹಿಡಿದೆ ಅಂತ ಅವನ್ನು ಹೊತ್ತುಕೊಂಡು ಹೋದರೆ ಜಗಳ ಇನ್ನೊಂದು ಊರಿಗೆ ಹರಡುತ್ತದೆ.

ಯಾರಿಗೆ ಮೊದಲು ಕೊಡಬೇಕು ಅನ್ನುವುದಕ್ಕೂ ಒಂದು ಕ್ರಮ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಆಸ್ತಿ ನೋಡಿಕೊಳ್ಳುವವರಿಗೆ ಹಾಕಿಕೊಟ್ಟದ್ದು. ಮೊದಲು ಅಂತ್ಯಕ್ರಿಯೆ ಮತ್ತು ಕೊನೆಯ ಚಿಕಿತ್ಸೆಯ ಖರ್ಚು. ಆಮೇಲೆ ಕೋರ್ಟಿನ ಖರ್ಚು ಇದ್ದರೆ ಅದು. ಆಮೇಲೆ ಸಾಯುವ ಮೊದಲಿನ ಮೂರು ತಿಂಗಳಲ್ಲಿ ದುಡಿದ ಕೆಲಸಗಾರರ ಕೂಲಿ. ಉಳಿದ ಸಾಲ ಅದಾದ ಮೇಲೆ. ನಿಮ್ಮ ಪ್ರಕರಣದಲ್ಲಿ ಕೋರ್ಟು ಯಾರನ್ನೂ ನೇಮಿಸಿಲ್ಲ. ಆದರೂ ಈ ಕ್ರಮ ಹಿಡಿದರೆ ನಾಳೆ ಯಾರೂ ಬೆರಳು ತೋರಿಸಲಾರರು. ಅಂಗಡಿ ಹುಡುಗನ 18,000 ಮೊದಲು ಕೊಡಿ.

ಇನ್ನು ಪ್ರೋನೋಟು. ಮೂರು ವಿಷಯ ನೋಡಿ ಹೇಳಿ: ತಾರೀಖು ಯಾವುದು, ಅಸಲು ಎಷ್ಟು ಬರೆದಿದೆ, ಹಿಂಬದಿಯಲ್ಲಿ ಬಡ್ಡಿ ಸಂದಾಯ ಅಂತ ಬರೆದು ಮಾವನ ಸಹಿ ಇದೆಯಾ.

ಜಮೀನು ಏನೂ ಇಲ್ಲವಾ?

---

ಕಡಲ_ಕಾಗೆ · ಬೆಳಿಗ್ಗೆ 8.00

ಭಟ್ಕಳದಿಂದ. ಈ ಕ್ರಮ ಓದಿ ಆಶ್ಚರ್ಯ ಆಯಿತು, ನಮ್ಮ ಮುಸ್ಲಿಮರಲ್ಲೂ ಹತ್ತಿರ ಹತ್ತಿರ ಹೀಗೇ. ಮೊದಲು ಅಂತ್ಯಕ್ರಿಯೆ ಖರ್ಚು, ಆಮೇಲೆ ಸಾಲ. ಹೆಂಡತಿಗೆ ಕೊಡದೆ ಉಳಿದ ಮೆಹರ್ (ಮದುವೆಯಲ್ಲಿ ಕೊಡುತ್ತೇನೆ ಅಂದ ಹಣ) ಕೂಡ ಸಾಲವೇ. ಆಮೇಲೆ ವಸೀಯತ್, ಅಂದರೆ ವಿಲ್, ಅದೂ ಮೂರನೇ ಒಂದು ಪಾಲಿನೊಳಗೆ. ಉಳಿದದ್ದು ವಾರಸುದಾರರಿಗೆ. ನಮ್ಮ ಅಜ್ಜ ಹೋದಾಗ ಜನಾಝಾ ನಮಾಜಿಗೆ ಮೊದಲೇ ದೊಡ್ಡಪ್ಪ ಎದ್ದು ನಿಂತು, ಯಾರಿಗಾದರೂ ಬಾಕಿ ಇದ್ದರೆ ನನ್ನನ್ನು ಕೇಳಿ ಅಂದಿದ್ದರು. ಇಬ್ಬರು ಕೇಳಿದರು. ಮೂವರು ಬಿಟ್ಟುಬಿಟ್ಟೆವು ಅಂದರು.

---

ಸೋದರಳಿಯ_ತಿಪಟೂರು · ರಾತ್ರಿ 8.45

ಪ್ರೋನೋಟು ಅಸಲಿ ನೋಡಿದೆ. ತಾರೀಖು 2021ರ ಫೆಬ್ರವರಿ. ಅಸಲು 80,000. ಹಿಂಬದಿ ಖಾಲಿ. ಸಹಿ ಮಾವನದ್ದೇ, ಅನುಮಾನ ಇಲ್ಲ. ಸಹಿ ಮಾಡಿದ ಒಂದು ಖಾಲಿ ಚೆಕ್ಕೂ ಅವರ ಹತ್ತಿರ ಇದೆ. ಚೆಕ್ ಹಾಕಿ ಕೇಸು ಮಾಡುತ್ತೇನೆ, ಅಜ್ಜಿಯನ್ನು ಕೋರ್ಟಿಗೆ ಎಳೆಯುತ್ತೇನೆ ಅಂದರು.

ಜಮೀನು ಇದೆ. 1 ಎಕರೆ 8 ಗುಂಟೆ ತೆಂಗಿನ ತೋಟ, ತಾತ ದುಡಿದು ಕೊಂಡದ್ದು. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಹೋಗಿ ಅಷ್ಟು ವರ್ಷವಾದರೂ ಯಾರೂ ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿಲ್ಲ. ಹಾಗಾಗಿ ಮಾವನ ಆಸ್ತಿ ಅಂತ ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

---

ಕರಿಕೋಟು_ಮೈಸೂರು · ರಾತ್ರಿ 9.40

ಹೆಸರು ಬದಲಾಗದಿದ್ದರೂ ಹಕ್ಕು ಬದಲಾಗಿರುತ್ತದೆ. ತಾತನ ಸ್ವಯಾರ್ಜಿತ, ವಿಲ್ ಇಲ್ಲ ಅಂದರೆ ಅವರು ಹೋದ ದಿನವೇ ಅಜ್ಜಿ, ಮಾವ, ಅಮ್ಮ, ಚಿಕ್ಕಮ್ಮ ನಾಲ್ವರಿಗೂ ಸಮಪಾಲು. 48 ಗುಂಟೆಯಲ್ಲಿ ತಲಾ 12. ಮಾವನ 12 ಗುಂಟೆ ಈಗ ಅಜ್ಜಿಗೆ ಬಂತು. ಅಂದರೆ ಅಜ್ಜಿಗೆ 24, ಹೆಣ್ಣುಮಕ್ಕಳಿಬ್ಬರಿಗೂ 12, 12.

ಸಾಲ ಕೊಟ್ಟವರು ಕೋರ್ಟಿನಲ್ಲಿ ಗೆದ್ದರೆ ಆ 12 ಗುಂಟೆಯವರೆಗೆ ಕೈ ಹಾಕಬಹುದು. ಉಳಿದ 36ಕ್ಕೆ ಇಲ್ಲ. ಹಾಗಾಗಿ ಆಸ್ತಿಯೇ ಇಲ್ಲ, ಏನು ಬೇಕಾದರೂ ಮಾಡಿಕೊಳ್ಳಿ ಅಂತ ಯಾರಿಗೂ ಹೇಳಬೇಡಿ. ಕಿಟಕಿ ಸರ್ ಹೇಳಿದ ಸಿಮ್ ಉಪಾಯ ಇದಕ್ಕೇ ನಡೆಯುವುದಿಲ್ಲ.

ಪ್ರೋನೋಟು: ವಸೂಲಿ ದಾವೆಗೆ ಮೂರು ವರ್ಷದ ಗಡುವು. ಅದು ಆಗಲೇ ಮುಗಿದಿದೆ. ನಡುವೆ ಮಾವ ಸಾಲ ಒಪ್ಪಿ ಸಹಿ ಹಾಕಿದ ಬೇರೆ ಕಾಗದ ಇಲ್ಲದಿದ್ದರೆ ಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ. ಹೊಸ ಪತ್ರ ಬರೆಸಿಕೊಳ್ಳಲು ಅವರಿಗೆ ಏಕೆ ಅಷ್ಟು ಅವಸರ ಅಂತ ಈಗ ಅರ್ಥವಾಯಿತು ಅಲ್ವಾ? ಚೆಕ್ ಬೌನ್ಸ್ ಕ್ರಿಮಿನಲ್ ಕೇಸು ಚೆಕ್ ಬರೆದವರ ಮೇಲೆ ಮಾತ್ರ. ಸತ್ತವರ ತಾಯಿಯ ಮೇಲೆ ಆಗುವುದಿಲ್ಲ. ಅಜ್ಜಿಗೆ ಹೇಳಿ, ನಿದ್ದೆ ಮಾಡಲಿ.

ಬಡ್ಡಿ ವ್ಯವಹಾರಕ್ಕೆ ಆ ಮನುಷ್ಯರಿಗೆ ಲೈಸೆನ್ಸ್ ಇದೆಯಾ ಕೇಳಿ. ಮನೆ ಮುಂದೆ ಕೂತು ಹೆದರಿಸಿದರೆ ಪೊಲೀಸಿಗೆ ದೂರು ಕೊಡಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಕಾನೂನೇ ಬಂದಿದೆ.

ಕಾರ್ಡಿನ ಬ್ಯಾಂಕಿಗೆ ಮರಣ ಪ್ರಮಾಣಪತ್ರ ಸೇರಿಸಿ ಒಂದು ಮೇಲ್ ಹಾಕಿ. ವಾರಸುದಾರರು ತಾಯಿ, ಬಾಕಿಯ ವಿವರ ಬರಹದಲ್ಲಿ ಕೊಡಿ, ಬಡ್ಡಿ ನಿಲ್ಲಿಸಿ, ಇನ್ನು ಮುಂದೆ ಮಾತು ಬರಹದಲ್ಲೇ ಇರಲಿ ಅಂತ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ನೆಂಟರನ್ನು ಪೀಡಿಸುವ ಹಾಗೂ ಇಲ್ಲ. ಬ್ಯಾಂಕು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448.

---

ಗದಗಿನ_ಗಾಳಿ · ರಾತ್ರಿ 10.05

ಗಡುವು ಮುಗೀತು ಅಂತ 80,000 ಮುಳುಗಿಸೋದಾ? ಸಹಿ ಮಾವಂದೇ ಅಂತ ಇವರೇ ಒಪ್ಪುತ್ತಾರೆ. ಬಡ್ಡಿ ಬಿಡ್ರಿ, ಅಸಲಾದರೂ ಕೊಡಬೇಕು.

---

ಬಿಎಂಟಿಸಿ_ಕಿಟಕಿ · ರಾತ್ರಿ 10.11

ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36. ಐದು ವರ್ಷದಲ್ಲಿ ಮಾವ ಏನೂ ಕೊಟ್ಟೇ ಇಲ್ಲ ಅಂತ ನಂಬುತ್ತೀರಾ? ಇಷ್ಟು ದಿನ ಸುಮ್ಮನಿದ್ದವರು ಎಲೆ ಮುಂದೆ ಬಂದು ಕೇಳುತ್ತಾರಾ?

---

ಅಡಿಕೆ_ಪುರಾಣ · ರಾತ್ರಿ 10.20

ಇಬ್ಬರೂ ಸುಮ್ಮನಿರಿ. ಅಜ್ಜಿಯನ್ನು ಯಾರಾದರೂ ಕೇಳಿದಿರಾ? ವಾರಸುದಾರರು ಅವರು.

---

ಸೋದರಳಿಯ_ತಿಪಟೂರು · ಎರಡು ತಿಂಗಳ ನಂತರ

ಆಮೇಲೆ ಏನಾಯಿತು ಅಂತ ಬರೆಯಬೇಕು ಅಂತಿದ್ದೆ, ಕೆಲಸದ ಗಡಿಬಿಡಿ.

ಅಡಿಕೆ ಅಣ್ಣ ಹೇಳಿದ್ದು ನೋಡಿ ನಾಚಿಕೆ ಆಯಿತು. ಅಷ್ಟು ದಿನ ಅಜ್ಜಿಯನ್ನು ಏನೂ ಕೇಳಿರಲಿಲ್ಲ. ಕಿವಿ ಸ್ವಲ್ಪ ಮಂದ ಅಂತ ನಾವೇ ಎಲ್ಲ ಮಾತಾಡಿಕೊಳ್ಳುತ್ತಿದ್ದೆವು. ಕೂರಿಸಿಕೊಂಡು ಎಲ್ಲ ಹೇಳಿದೆ. ಅಜ್ಜಿ ಎದ್ದು ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ಒಂದು ಡೈರಿ ತಂದರು. ಮಾವ ಪ್ರತಿ ತಿಂಗಳು ಆ ಮನುಷ್ಯರಿಗೆ 2,400 ಕೊಟ್ಟಿದ್ದು ಬರೆದಿದ್ದರು. 31 ತಿಂಗಳು. ಲೆಕ್ಕ ಹಾಕಿ, 74,400. ಬಡ್ಡಿಯೇ ಅಸಲಿನ ಹತ್ತಿರ ಬಂದಿದೆ.

ಆ ಸಾಲ ಮಾಡಿದ್ದು ಅಜ್ಜಿಯ ಸೊಂಟದ ಆಪರೇಷನ್ನಿಗೆ. ಅದು ನಮಗೆ ಗೊತ್ತಿರಲಿಲ್ಲ. ಅಜ್ಜಿ ಅಂದರು, "ನಾನು ಎದ್ದು ಓಡಾಡಿದ್ದು ಅವನ ದುಡ್ಡಿನಲ್ಲಿ. ಬಡ್ಡಿ ಒಂದು ಕಾಸೂ ಕೊಡಬೇಡ. ಅಸಲು ಇಸಕೊಂಡು ಹೋಗು ಅನ್ನು." ವಕೀಲರಿಗೆ ಫೋನ್ ಮಾಡಿ ಕೇಳಿದೆ (ಫೋನ್ ನಂಬರ್ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಮೇಡಂ). ವಿಮೆ ದುಡ್ಡು ಅವರದ್ದು, ಏನು ಬೇಕಾದರೂ ಮಾಡಲಿ, ಆದರೆ ಅಸಲಿ ಪತ್ರ ಮತ್ತು ಚೆಕ್ ಕೈಗೆ ಬಂದ ಮೇಲೆ ಮಾತ್ರ ದುಡ್ಡು ಅಂದರು. ಡೈರಿ ತೋರಿಸಿದ ಮೇಲೆ ಆ ಮನುಷ್ಯರು 2 ಲಕ್ಷದ ಮಾತೇ ಎತ್ತಲಿಲ್ಲ. ಇಬ್ಬರು ಹಿರಿಯರ ಎದುರು 80,000 ಎಣಿಸಿಕೊಂಡು, ಪತ್ರದ ಮೇಲೆ ಪೂರ್ತಿ ಸಂದಿದೆ ಅಂತ ಬರೆದು ಕೊಟ್ಟರು. ನನಗೆ ಈಗಲೂ ಅದು ಜಾಸ್ತಿ ಆಯಿತು ಅನ್ನಿಸುತ್ತದೆ. ಅಜ್ಜಿಗೆ ಹಾಗನ್ನಿಸಿಲ್ಲ.

ವಿಮೆ ಐದು ವಾರಕ್ಕೆ ಅಜ್ಜಿ ಖಾತೆಗೆ ಬಂತು. ಬ್ಯಾಂಕಿನವರು ಸೀಲು ಹಾಕಿದ ಅರ್ಜಿ ಕೊಟ್ಟ ಮೇಲೆ ಕೋರ್ಟಿನ ಮಾತು ಬಿಟ್ಟರು. ವಂಶವೃಕ್ಷ ಸಿಗುವ ತನಕ ಮೂರು ಸಲ ನಾಡಕಚೇರಿ. ಕಾರ್ಡಿನವರು ಮೇಲ್ ಹೋದ ಮೇಲೆ ಫೋನ್ ನಿಲ್ಲಿಸಿದರು. ದಂಡ, ಬಡ್ಡಿ ತೆಗೆದು 61,000ಕ್ಕೆ ಒಪ್ಪಿದರು, ಬಾಕಿ ಇಲ್ಲ ಅಂತ ಪತ್ರ ಬಂದ ಮೇಲೆ ನೆಮ್ಮದಿ. ತಾಮ್ರದ ಅಂಗಡಿಯವರು ಉಳಿದಿದ್ದ ತಂತಿಯ ಸುರುಳಿಗಳನ್ನೇ ತೂಕ ಹಾಕಿ ವಾಪಸ್ ತೆಗೆದುಕೊಂಡು, ಮಿಕ್ಕದ್ದಕ್ಕೆ 17,000 ಇಸಕೊಂಡರು. ಸರ ಬಿಡಿಸಿ ತಂದೆವು. ಪೌತಿ ಖಾತೆಗೆ ಅರ್ಜಿ ಹಾಕಿದ್ದೇವೆ, ಅಮ್ಮ ಚಿಕ್ಕಮ್ಮನ ಹೆಸರೂ ಸೇರಿಸಿ.

ಮಾವನಿಗೆ ಜನ ಕೊಡಬೇಕಾದ ಬಾಕಿ ಪುಸ್ತಕದಲ್ಲಿ 74,000 ಚಿಲ್ಲರೆ ಇತ್ತು. ಅರ್ಧ ಬಂದಿದೆ. ಉಳಿದದ್ದು ಬರುತ್ತೋ ಇಲ್ಲವೋ. ಒಬ್ಬ ತಾತ ಬಸ್ಸು ಹತ್ತಿ ಬಂದು 600 ಕೊಟ್ಟು ಹೋದರು. ಪುಸ್ತಕ ಹುಡುಕಿದರೆ ಅವರ ಹೆಸರೇ ಇಲ್ಲ. "ನಿಮ್ಮ ಮಾವ ಬರೆದುಕೊಳ್ಳಲ್ಲ ಅಂದಿದ್ದ" ಅಂದರು.

ಮೋಟಾರುಗಳಲ್ಲಿ ಐದನ್ನು ಅಂಗಡಿಯ ಹುಡುಗನೇ ಸುತ್ತಿ ಮುಗಿಸಿ ಕೊಟ್ಟ. ಎರಡನ್ನು ಬಿಚ್ಚಿದ ಹಾಗೇ ತೆಗೆದುಕೊಂಡು ಹೋದರು. ಈಗ ಆ ಹುಡುಗ ಅಂಗಡಿ ತಾನೇ ನಡೆಸುತ್ತೇನೆ ಅನ್ನುತ್ತಿದ್ದಾನೆ. ಅಂಗಡಿ ಮಾಲೀಕರು ಅಡ್ವಾನ್ಸ್ ನಮಗೆ ವಾಪಸ್ ಕೊಟ್ಟು ಅವನ ಹತ್ತಿರ ಕಂತಿನಲ್ಲಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ವೈಂಡಿಂಗ್ ಮಷೀನು ಹಳೆಯದು, ಕೈಯಲ್ಲಿ ತಿರುಗಿಸುವುದು. ಅದಕ್ಕೆ ಏನು ರೇಟು ಹೇಳಬಹುದು? ಯಾರಿಗಾದರೂ ಅಂದಾಜಿದೆಯಾ?

---

ಗದಗಿನ_ಗಾಳಿ · ಅರ್ಧ ಗಂಟೆ ನಂತರ

ನಮ್ಮ ತಮ್ಮನದ್ದೂ ರಿವೈಂಡಿಂಗೇ. ಅವನನ್ನು ಕೇಳಿದೆ. ಕೈ ಮಷೀನಿಗೆ ಈಗ ಗುಜರಿ ರೇಟಷ್ಟೇ ಅಂತೆ, ಆದರೆ ಫರ್ಮಾ (ತಂತಿ ಸುತ್ತುವ ಅಚ್ಚು) ಸೆಟ್ ಪೂರಾ ಇದ್ದರೆ ಅದಕ್ಕೆ ಬೆಲೆ ಇದೆಯಂತೆ. ಫೋಟೋ ಹಾಕಿ, ನೋಡಿ ಹೇಳುತ್ತಾನೆ.